ಬಾಡಿಗೆ ಚೀಟಿಯವರು ಹಾಲುಕ್ಕಿಸಿದ ದಿನ

ನಮ್ಮ ಗೇಟಿನ ಬೋರ್ಡು ಓದಿಕೊಂಡು ಬರುವವರಿಗೆ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ಎಷ್ಟು ಜನ ಇದ್ದೀರಿ, ಎಲ್ಲಿ ಕೆಲಸ, ಯಾವ ಜನ. ಮೂರನೆಯದನ್ನು ಕೊಂಚ ಮೆಲ್ಲಗೆ ಕೇಳುತ್ತಿದ್ದೆ, ಅಷ್ಟೇ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಕೇಳುತ್ತಿದ್ದದ್ದು ನಿಜ, ಮುಚ್ಚಿಟ್ಟು ಏನು ಮಾಡಲಿ? ಪ್ರಶ್ನೆಗಳಾದ ಮೇಲೆ ಒಂದು ಕಾನೂನೂ ಇತ್ತು. ಆಷಾಢದಲ್ಲಿ ಯಾರೂ ನನ್ನ ಮನೆಗೆ ಬಾಡಿಗೆಗೆ ಸೇರುವಂತಿಲ್ಲ. ಐಟಿ ಕಂಪನಿಯವನಿರಲಿ, ಬ್ಯಾಂಕಿನವನಿರಲಿ, ಶ್ರಾವಣಕ್ಕೆ ಬಾ ಅಂದರೆ ಶ್ರಾವಣಕ್ಕೇ ಬರಬೇಕು.

ನಮ್ಮದು ಪೀಣ್ಯದ ಮಗ್ಗುಲಿನ ಹಳ್ಳಿ. ಹಳ್ಳಿ ಅನ್ನುವುದು ಈಗ ಬಾಯಿಮಾತಿಗೆ ಮಾತ್ರ. ನಾನು ಸೊಸೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವತ್ತು ಲೇತ್ ಮಿಷನ್ನುಗಳು ಕೂಗುತ್ತವೆ. ಉಳಿದ ತುಂಡು ಜಾಗದಲ್ಲಿ ನಮ್ಮ ಯಜಮಾನರು ಆರು ಮನೆಗಳ ವಠಾರ ಕಟ್ಟಿಸಿದರು. ಕಟ್ಟಿಸಿದ್ದು ಅವರು, ಆಳಿದ್ದು ನಾನು. ಅವರು ಜಗುಲಿಯ ಮೇಲೆ ಪೇಪರ್ ಹಿಡಿದು ಕೂತಿರುತ್ತಾರೆ, ಏನು ಕೇಳಿದರೂ "ಹೂಂ" ಅನ್ನುತ್ತಾರೆ. ನಲವತ್ತು ವರ್ಷದ ಸಂಸಾರ ಆ ಒಂದು "ಹೂಂ" ಮೇಲೆ ನಡೆದಿದೆ.

ಆಷಾಢದ ಹಟ ನನಗೆ ಸುಮ್ಮನೆ ಬಂದದ್ದಲ್ಲ. ನನ್ನ ತವರು ಇಲ್ಲಿಂದ ನಾಲ್ಕು ಬಸ್ ಸ್ಟಾಪ್ ಆಚೆ ಇತ್ತು. ಮದುವೆಯಾದ ವರ್ಷ ಆಷಾಢ ಹುಟ್ಟುವ ಮುಂಚೆಯೇ ಅಪ್ಪ ಬಂದು ಕರೆದುಕೊಂಡು ಹೋಗಿದ್ದರು. ಆಮೇಲೂ ಅಮ್ಮ ಇರುವ ತನಕ ಪ್ರತಿ ಆಷಾಢದಲ್ಲಿ ನಾಲ್ಕು ದಿನ ಹೋಗಿ ಇದ್ದು, ಹೊರಡುವಾಗ ಸೆರಗಿಗೆ ಮಡಿಲಕ್ಕಿ ಹಾಕಿಸಿಕೊಂಡು ಬರುತ್ತಿದ್ದೆ. ಅಮ್ಮ ಹೋದಳು. ಅಣ್ಣತಮ್ಮಂದಿರು ಮನೆ ಮಾರಿ, ಒಬ್ಬ ಸರ್ಜಾಪುರ ಇನ್ನೊಬ್ಬ ತುಮಕೂರು ಅಂತ ದಿಕ್ಕಾಪಾಲಾದರು. ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಪ್ಲೈವುಡ್ ಗೋಡೌನ್ ಇದೆ. ಆಷಾಢಕ್ಕೆ ಬಾ ಅಂತ ಕರೆಯುವವರು ಯಾರೂ ಉಳಿಯಲಿಲ್ಲ. ನನಗೆ ಉಳಿದದ್ದು ಆ ತಿಂಗಳ ಶಾಸ್ತ್ರ ಒಂದೇ. ಅದನ್ನಾದರೂ ಬಿಗಿಯಾಗಿ ಹಿಡಿದುಕೊಂಡಿದ್ದೆ.

ಇಂಥ ನನ್ನ ಗೇಟಿಗೆ ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಇಬ್ಬರು ಹೆಂಗಸರು ಬಂದರು, ಅತ್ತೆ ಮತ್ತು ಸೊಸೆ. ಸೊಸೆ ನಮ್ಮ ರಸ್ತೆಯ ತುದಿಯಲ್ಲಿರುವ ಗಾರ್ಮೆಂಟ್ಸಿನಲ್ಲಿ ಟೈಲರ್. ಅತ್ತೆಗೆ ಎಪ್ಪತ್ತರ ಹತ್ತಿರ ವಯಸ್ಸು, ಹಣೆಯ ಮೇಲೆ ಹಸಿರು ಹಚ್ಚೆ, ಬಾಯಲ್ಲಿ ಎಲೆಅಡಿಕೆ. ಮಗ ಗೂಡ್ಸ್ ಆಟೋ ಓಡಿಸುತ್ತಾನಂತೆ. ಅವರಿದ್ದ ಕಾಲೊನಿಯ ಹಳೇ ಮನೆಗಳನ್ನು ಕೆಡವಿ ಸರ್ಕಾರದವರು ಅಲ್ಲೇ ಫ್ಲ್ಯಾಟ್ ಕಟ್ಟಿಸಿಕೊಡುತ್ತಾರೆ. ಕಟ್ಟಿ ಮುಗಿಯುವವರೆಗೆ ಬೇರೆ ಕಡೆ ಬಾಡಿಗೆಗೆ ಇರಲು ಮನೆಮನೆಗೂ ಒಂದು ಬಾಡಿಗೆ ಚೀಟಿ ಕೊಟ್ಟಿದ್ದಾರೆ. ಚೀಟಿ ಇದ್ದವರ ಬಾಡಿಗೆಯನ್ನು ಸರ್ಕಾರವೇ ನೇರವಾಗಿ ಮಾಲೀಕರಿಗೆ ಕಟ್ಟುತ್ತದೆ. ಸೊಸೆ ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ಮದುವೆ ಪತ್ರಿಕೆ ಕೊಡುವಂತೆ ಎರಡೂ ಕೈಯಿಂದ ನನಗೆ ಕೊಟ್ಟಳು.

ನಮ್ಮ ಬೀದಿಯ ಯಾವ ಮಾಲೀಕರೂ ಚೀಟಿಯವರನ್ನು ಸೇರಿಸಿಕೊಂಡಿರಲಿಲ್ಲ. ಅಡ್ವಾನ್ಸ್ ಕೊಡಲ್ಲ, ಸರ್ಕಾರದ ಸಹವಾಸ ಯಾರಿಗೆ ಬೇಕು, ಒಮ್ಮೆ ಒಳಗೆ ಬಂದರೆ ಏಳಲ್ಲ ಅಂತೆಲ್ಲ ಮಾತು. ನಾನೂ ಅದೇ ಮಾತನ್ನು ನಾಲ್ಕು ಜನರ ಹತ್ತಿರ ಆಡಿದವಳೇ. ಆದರೂ ಬಂದವರನ್ನು ನಿಂತ ಕಾಲಲ್ಲಿ ಕಳಿಸಬಾರದು ಅಂತ ಪ್ರಶ್ನೆ ಶುರು ಮಾಡಿದೆ.

"ಎಷ್ಟು ಜನ?"

"ಮೂರೇ ಜನ ಆಂಟಿ," ಅಂದಳು ಸೊಸೆ.

ಕೆಲಸ ಎಲ್ಲಿ ಅಂತ ಆಗಲೇ ಗೊತ್ತಾಗಿತ್ತು. ದನಿ ತಗ್ಗಿಸಿ ಮೂರನೆಯದನ್ನು ಕೇಳಿದೆ. ಸೊಸೆ ತಲೆ ತಗ್ಗಿಸಿದಳು. ಮುದುಕಿ ಮಾತ್ರ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ನಾವು ದುಡ್ಕಂಡು ತಿನ್ನೋ ಜನ ಕಣವ್ವ. ನೀವು ಬಾಡ್ಗೆ ತಿನ್ನೋ ಜನ ಇರ್ಬೇಕು."

ಜಗುಲಿಯ ಮೇಲೆ ಪೇಪರಿನ ಹಿಂದಿನಿಂದ ಕಿಸಕ್ಕನೆ ನಗು ಬಂತು. ನಮ್ಮ ಯಜಮಾನರು! "ಸುಮ್ನಿರ್ರೀ," ಅಂತ ಗದರಿದೆ. ಸಿಟ್ಟು ಬಂದಿತ್ತು. ನನ್ನ ಬಾಯಿ ಮುಚ್ಚಿಸುವವರು ಆ ಬೀದಿಯಲ್ಲಿ ಅಲ್ಲಿಯ ತನಕ ಹುಟ್ಟಿರಲಿಲ್ಲ. ಸುಮ್ಮನೆ ಬೀಗದಕೈ ತೆಗೆದುಕೊಂಡು ನಾಲ್ಕನೇ ನಂಬರ್ ಮನೆ ತೋರಿಸಲು ಹೊರಟೆ.

ಮನೆ ಅವರಿಗೆ ಹಿಡಿಸಿತು. ಹಿಡಿಸದೆ ಏನು, ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಸೊಸೆ ವಿವರವಾಗಿ ಹೇಳಿದ ಮೇಲೆ ಅದು ನನಗೂ ಗೊತ್ತಾಯಿತು. ಇನ್ನು ಹದಿನೈದು ದಿನಕ್ಕೆ ಕಾಲೊನಿಗೆ ಜೆಸಿಬಿ ಬರುತ್ತದೆ. ಅಷ್ಟರೊಳಗೆ ಒಬ್ಬ ಮಾಲೀಕರು ಒಪ್ಪಿ, ಕಚೇರಿಯ ಇಂಜಿನಿಯರ್ ಬಂದು ಮನೆ ನೋಡಿ ಪಾಸ್ ಮಾಡಬೇಕು. ಇಲ್ಲದಿದ್ದರೆ ಚೀಟಿ ರದ್ದು. ರದ್ದಾದವರನ್ನು ಊರಾಚೆ ಎಲ್ಲೋ ತಗಡಿನ ಶೆಡ್ಡಿಗೆ ಕಳಿಸುತ್ತಾರೆ. ಅಲ್ಲಿಂದ ಬೆಳಗಿನ ಶಿಫ್ಟಿಗೆ ಬರಲು ಬಸ್ಸೇ ಇಲ್ಲ. ಅಂದರೆ ಸೊಸೆಯ ಕೆಲಸ ಹೋದ ಹಾಗೆ.

"ಹನ್ನೊಂದು ವರ್ಷದಿಂದ ಒಂದೇ ಕಡೆ ಮಾಡ್ತಿದೀನಿ ಆಂಟಿ. ಕಾಲರ್ ಹೊಲಿಯೋದ್ರಲ್ಲಿ ನನ್ನ ಬಿಟ್ರೆ ಇಲ್ಲ ಅಂತಾರೆ," ಅಂದಳು ಅವಳು. ಜಂಬಕ್ಕೆ ಹೇಳಿದ್ದಲ್ಲ, ಹೆದರಿಕೆಗೆ ಹೇಳಿದ್ದು.

ಒಪ್ಪಿದೆ. ಇಂಜಿನಿಯರ್ ಬರುವುದು ಮುಂದಿನ ವಾರದ ಗುರುವಾರ ಅಂತ ಕಚೇರಿಯಿಂದ ಹೇಳಿದರು. ಅವರು ಪಾಸ್ ಮಾಡಿ, ಒಪ್ಪಂದಕ್ಕೆ ಸಹಿ ಬಿದ್ದು, ಇವರು ಸಾಮಾನು ತರುವುದು ಅಂದರೆ ಆ ಶನಿವಾರವೋ ಭಾನುವಾರವೋ. ಸೋಮವಾರ ಜೆಸಿಬಿ. ಎಲ್ಲ ಸರಿಹೋಯಿತು ಅಂದುಕೊಂಡು ಮನೆಗೆ ಬಂದು ಕ್ಯಾಲೆಂಡರ್ ತಿರುವಿದೆ ನೋಡಿ, ಅಯ್ಯೋ ನನ್ನ ಕರ್ಮವೇ! ಬುಧವಾರ ಅಮಾವಾಸ್ಯೆ, ಗುರುವಾರದಿಂದ ಆಷಾಢ.

"ಸರ್ಕಾರಕ್ಕೆ ಆಷಾಢ ಗೊತ್ತಿಲ್ವಾ?" ಅಂತ ಕ್ಯಾಲೆಂಡರನ್ನೇ ಬೈದೆ. ಯಜಮಾನರು "ಹೂಂ" ಅಂದರು.

ಎರಡು ದಿನ ನನಗೆ ಊಟ ಸೇರಲಿಲ್ಲ. ಕಾನೂನು ಮುರಿಯಲು ಮನಸ್ಸಿಲ್ಲ, ಆ ಹುಡುಗಿಯ ಮುಖ ಮರೆಯಲೂ ಆಗುತ್ತಿಲ್ಲ. ಕೊನೆಗೆ ವಿಚಾರಿಸಿಕೊಂಡು ಹೋಗಲು ಬಂದ ಮುದುಕಿಯೇ ದಾರಿ ತೋರಿಸಿದಳು. "ಅದಕ್ಕೇನವ್ವ? ಮುಂಚೇನೇ ಒಳ್ಳೆ ದಿನ ನೋಡಿ ಆಲು ಉಕ್ಸಿ ಬಿಡಾದು. ಆಲು ಉಕ್ಕಿದ ಮೇಲೆ ಮನೆ ಸೇರ್ದಂಗೇ ಲೆಕ್ಕ. ಸಾಮಾನು ಯಾವಾಗ ಬಂದ್ರೇನು?" ಎಷ್ಟು ಸರಳ! ಹೊಸ ಮನೆಗೆ ಹೋಗುವವರು ಮೊದಲು ಒಲೆ ಹಚ್ಚಿ ಹಾಲು ಉಕ್ಕಿಸುತ್ತಾರೆ, ಅದೇ ಗೃಹಪ್ರವೇಶ. ಆಷಾಢ ಅಡ್ಡ ಬಂದಾಗ ನಮ್ಮ ಕಡೆ ಇದನ್ನೇ ಮಾಡುತ್ತಾರೆ. ನನಗೆ ಹೊಳೆದಿರಲಿಲ್ಲ, ಅಷ್ಟೇ. ಅಮಾವಾಸ್ಯೆಗೆ ಎರಡು ದಿನ ಮುಂಚಿನ ಸೋಮವಾರ ಬೆಳಿಗ್ಗೆ ಅಂತ ಗೊತ್ತು ಮಾಡಿದೆವು.

ಆ ಸೋಮವಾರ ಸೊಸೆ ಕೆಲಸಕ್ಕೆ ಹೋಗುವ ಮುಂಚೆಯೇ ಬಂದಳು. ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟಳು, ಬಾಗಿಲಿಗೆ ರಂಗೋಲಿ ಹಾಕಿ ದೀಪ ಇಟ್ಟಳು, ಒಂದೇ ಬರ್ನರಿನ ಚಿಕ್ಕ ಗ್ಯಾಸ್ ಒಲೆ ಹಚ್ಚಿ ಹೊಸ ಪಾತ್ರೆಯಲ್ಲಿ ಹಾಲಿಟ್ಟಳು. ಹಾಲು ಉಕ್ಕಿ ಪೂರ್ವದ ಕಡೆಗೆ ಹರಿಯಿತು. ಮುದುಕಿ ಚಪ್ಪಾಳೆ ತಟ್ಟಿದಳು. ಸೊಸೆ ನನ್ನ ಕಾಲಿಗೆ ನಮಸ್ಕಾರ ಮಾಡಿ, ಕಣ್ಣೊರೆಸಿಕೊಂಡು ಫ್ಯಾಕ್ಟರಿಗೆ ಓಡಿದಳು. ಮುದುಕಿ ಮಾತ್ರ ಚಾಪೆ ಹಾಸಿಕೊಂಡು, ನಡುಮನೆಯಲ್ಲಿ ಕಾಲು ಚಾಚಿ ಕೂತಳು. "ವಸಿ ವತ್ತು ಕೂತ್ಕತೀನಿ, ಮನೆ ನನ್ನ ಗುರ್ತು ಇಡ್ಕಳ್ಲಿ," ಅಂದಳು. ಇರಲಿ ಅಂತ ನಾನೂ ನನ್ನ ಕೆಲಸ ನೋಡಿಕೊಂಡೆ.

ಹತ್ತೂವರೆಗೆ ಗೇಟಿನ ಮುಂದೆ ಸ್ಕೂಟರ್ ನಿಂತಿತು. ಹೆಗಲಿಗೆ ಬ್ಯಾಗು, ಕೈಯಲ್ಲಿ ಫೈಲು ಹಿಡಿದ ಇಂಜಿನಿಯರ್ ಮೇಡಂ. ಪಕ್ಕದ ಬಡಾವಣೆಗೆ ಬಂದಿದ್ದರಂತೆ, ಹಾಗೇ ಇದನ್ನೂ ಮುಗಿಸಿಬಿಡೋಣ ಅಂತ ಬಂದರಂತೆ. ಸರ್ಕಾರದವರು ಮೂರು ತಿಂಗಳು ತಡವಾಗಿ ಬರುವುದನ್ನು ಕಂಡಿದ್ದೆ, ಮೂರು ದಿನ ಮುಂಚೆ ಬಂದದ್ದನ್ನು ಈ ಜನ್ಮದಲ್ಲಿ ಕಂಡದ್ದು ಅದೇ ಮೊದಲು.

ಅವರು ಬಾಗಿಲಿಗೆ ಬಂದವರೇ ರಂಗೋಲಿ ನೋಡಿದರು. ಆಮೇಲೆ ದೀಪ, ಒಲೆ, ಉಕ್ಕಿದ ಹಾಲು, ಚಾಪೆ, ಚಾಪೆಯ ಮೇಲೆ ಎಲೆಅಡಿಕೆ ಅಗಿಯುತ್ತಿದ್ದ ಮುದುಕಿ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಅಮ್ಮ, ಚೆಕ್ ಮಾಡೋವಾಗ ಮನೆ ಖಾಲಿ ಇರ್ಬೇಕು. ಪಾಸ್ ಆಗೋ ಮುಂಚೇನೇ ಜನ ಸೇರ್ಕೊಂಡಿದ್ರೆ ಚೀಟಿ ಕ್ಯಾನ್ಸಲ್. ಯಾರಿವರು?"

ಆ ಹುಡುಗಿ ಆ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಕೂತು ಕಾಲರ್ ಹೊಲಿಯುತ್ತಿದ್ದಳು, ಮನೆ ಸಿಕ್ಕಿತು ಅನ್ನುವ ಖುಷಿಯಲ್ಲಿ. ಎಲ್ಲ ಈ ನನ್ನ ಹಾಳು ಆಷಾಢದಿಂದ. ಯೋಚನೆ ಮಾಡುವ ಮುಂಚೆಯೇ ಬಾಯಿಂದ ಬಂದುಬಿಟ್ಟಿತು.

"ನಮ್ಮಕ್ಕ."

ಮುದುಕಿಯ ಅಗಿಯುವಿಕೆ ಒಂದು ಕ್ಷಣ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಏನೂ ಆಗದವಳಂತೆ ಮುಂದುವರಿಸಿದಳು.

"ಊಂ ಕಣವ್ವ, ನನ್ ತಂಗಿ ಇವ್ಳು. ಚಿಕ್ಕೋಳಿದ್ದಾಗಿಂದ್ಲೂ ಇಂಗೇ, ಮೂಗಿನ ತುದೀಲೇ ಕೋಪ. ಏನೇ, ಮೇಡಮ್ಮಾರ್ಗೆ ಕುಂತ್ಕಳಕೆ ಒಂದು ಕುರ್ಚಿ ತರಬಾರ್ದಾ?"

ನನಗೆ "ಏನೇ"! ನಮ್ಮತ್ತೆ ಹೋದ ಮೇಲೆ ಈ ಬೀದಿಯಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಬಾಯಿ ಮುಚ್ಚಿಕೊಂಡು ಹೋಗಿ ಕುರ್ಚಿ ತಂದೆ.

ಮೇಡಂ ಕೂತು ಫೈಲು ಬಿಚ್ಚಿದರು. ಮೊದಲ ಹಾಳೆಯಲ್ಲೇ ಚೀಟಿ ಪಡೆದ ಕುಟುಂಬದ ಫೋಟೋ. ಆ ಕಡೆ ಮಗ, ಈ ಕಡೆ ಸೊಸೆ, ನಡುವೆ ಹಣೆಯ ಹಚ್ಚೆ ಸಮೇತ ನಮ್ಮಕ್ಕ. ಮೇಡಂ ಫೈಲನ್ನು ನನ್ನ ಕಡೆ ತಿರುಗಿಸಿ ಹಿಡಿದರು.

ಇಂಥ ಹೊತ್ತಿನಲ್ಲಿ ಬೇರೆಯವರು ಕೈಮುಗಿಯುತ್ತಾರೆ. ನನಗೆ ಸಿಟ್ಟೇ ಬರುವುದು. "ನೋಡಿ ಮೇಡಂ, ಗುರುವಾರ ಬರ್ತೀನಿ ಅಂತ ಹೇಳ್ಬಿಟ್ಟು ಸೋಮವಾರ ಬಂದ್ರೆ ನಾವೇನ್ ಮಾಡೋಣ? ಗುರುವಾರದಿಂದ ಆಷಾಢ. ಅದಕ್ಕೇ ಮುಂಚೆ ಹಾಲುಕ್ಕಿಸಿದ್ವಿ. ಹಾಲು ಉಕ್ಸಿದ ತಕ್ಷಣ ಮನೆ ಸೇರ್ದಂಗಾಯ್ತಾ?"

"ಆಯ್ತಲ್ಲಮ್ಮ. ನಮ್ಮನೇಲೂ ಹಾಗೇ ಅಂತಾರೆ."

ಸಿಕ್ಕಿಬಿದ್ದೆ. ಆಷಾಢದ ಲೆಕ್ಕಕ್ಕೆ ಮನೆ ಸೇರಿದ ಹಾಗಿರಬೇಕು, ಸರ್ಕಾರದ ಲೆಕ್ಕಕ್ಕೆ ಸೇರದ ಹಾಗಿರಬೇಕು. ಎರಡನ್ನೂ ಒಂದೇ ಬಾಯಲ್ಲಿ ಹೇಗೆ ಹೇಳುವುದು? ಕೊನೆಗೆ ದನಿ ಇಳಿದು ನಿಜವೇ ಬಂತು. "ತಪ್ಪು ನಂದು ಮೇಡಂ. ಆಷಾಢ ಅಂತ ಹಟ ಹಿಡಿದಿದ್ದು ನಾನು. ಅವ್ರಿಗೆ ಶಿಕ್ಷೆ ಕೊಡ್ಬೇಡಿ. ಆ ಹುಡುಗಿ ಕೆಲ್ಸ ಹೋಗತ್ತೆ."

ಮೇಡಂ ಮನೆಯನ್ನೆಲ್ಲ ಒಮ್ಮೆ ಸುತ್ತಿ ಬಂದರು. ಹಾಸಿಗೆಯಿಲ್ಲ, ಪೆಟ್ಟಿಗೆಯಿಲ್ಲ, ಒಂದು ಬಟ್ಟೆಯೂ ಇಲ್ಲ. ಬಚ್ಚಲಿನ ಬಾಗಿಲಿಗೆ ಚಿಲಕವಿಲ್ಲ ಅಂದರು. ಯಜಮಾನರು ಪೇಪರ್ ಬಿಸಾಡಿ ಸ್ಕ್ರೂಡ್ರೈವರ್ ಹಿಡಿದು ಓಡಿ ಬಂದರು. ಅವರು ಓಡಿದ್ದನ್ನು ಮದುವೆಯಾದ ಮೇಲೆ ನಾನು ನೋಡಿದ್ದು ಅವತ್ತೇ.

"ಸಾಮಾನು ಬಂದಿಲ್ಲ, ಅದು ನಿಜ," ಅಂದರು ಮೇಡಂ. "ಯಾರೂ ವಾಸ ಇಲ್ಲ, ಅದೂ ನಿಜ. ಆದ್ರೆ ಖಾಲಿ ಮನೆ ಫೋಟೋ ಹಾಕ್ಬೇಕು ನಾನು. ಇದನ್ನೆಲ್ಲ ಹೊರಗೆ ತಗೊಂಡು ಹೋಗಿ, ಆಮೇಲೆ ತೆಗೀತೀನಿ."

ನಾನು ಚಾಪೆ ಸುತ್ತಿದೆ. ಒಲೆ ಎತ್ತಿದೆ. ಪಾತ್ರೆಗೆ ಕೈ ಹಾಕಿದ್ದೇ ತಡ, ಮುದುಕಿ ನನ್ನ ಕೈ ಹಿಡಿದಳು.

"ಉಕ್ಕಿದ ಆಲು ವಸ್ಲು ದಾಟಂಗಿಲ್ಲ. ಒಳಗೇ ಕುಡ್ದು ಮುಗಿಸ್ಬೇಕು."

ಅದೂ ಸರಿಯೇ. ಹಾಲುಕ್ಕಿಸಿದ ಮೇಲೆ ಅಲ್ಲಿದ್ದವರೆಲ್ಲ ಕುಡಿಯಬೇಕು. ಬೆಳಿಗ್ಗೆ ಸೊಸೆ ಕೊಡಲು ಬಂದಾಗ ನಾನು "ಆಮೇಲೆ ಕುಡೀತೀನಿ" ಅಂದು ಜಾರಿಕೊಂಡಿದ್ದೆ. ಯಾಕೆ ಜಾರಿಕೊಂಡೆ ಅನ್ನುವುದು ನನಗೂ ಗೊತ್ತಿತ್ತು, ಮುದುಕಿಗೂ ಗೊತ್ತಿತ್ತು. ಈಗ ಅವಳು ಚೀಲದಿಂದ ಸ್ಟೀಲ್ ಲೋಟ ತೆಗೆದು, ಸಕ್ಕರೆ ಕದಡಿ, ಮೇಡಂಗೆ ಒಂದು ಕೊಟ್ಟಳು. ಇನ್ನೊಂದನ್ನು ನನ್ನ ಮುಂದೆ ಹಿಡಿದಳು. ನನ್ನ ಮನೆ ಹತ್ತು ಹೆಜ್ಜೆ ದೂರದಲ್ಲಿತ್ತು, ಹೋಗಿ ನನ್ನದೇ ಲೋಟ ತರಬಹುದಿತ್ತು. ಮುದುಕಿ ಲೋಟ ಹಿಡಿದೇ ನಿಂತಳು. ಅಷ್ಟು ಬಾಯಿ ಇರುವ ಹೆಂಗಸು, ನಾನು ತೆಗೆದುಕೊಳ್ಳುತ್ತೇನೋ ಇಲ್ಲವೋ ಅಂತ ಕಾಯುವುದನ್ನು ನೋಡಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ತೆಗೆದುಕೊಂಡು ಗಟಗಟ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

"ಸಕ್ಕರೆ ಜಾಸ್ತಿ ಆಯ್ತು," ಅಂದೆ.

"ನಿನ್ ಬಾಯ್ಗೆ ಬೇಕಾಗಿತ್ತು," ಅಂದಳು ಅಕ್ಕ.

ಮೇಡಂ ಬಾಯಲ್ಲಿದ್ದ ಹಾಲು ನೆತ್ತಿಗೇರುವಷ್ಟು ನಕ್ಕರು. ಯಜಮಾನರೂ ಚಿಲಕ ಹಾಕಿ ಬಂದು ಒಂದು ಲೋಟ ಕುಡಿದರು. ಪಾತ್ರೆ ತೊಳೆದು ಹೊರಗಿಟ್ಟು, ನೆಲ ಒರೆಸಿ, ನಾವು ಮೂವರೂ ಬಾಗಿಲ ಆಚೆ ಸರಿದು ನಿಂತೆವು. ಮೇಡಂ ಖಾಲಿ ಮನೆಯ ಫೋಟೋ ತೆಗೆದು, ಅರ್ಜಿಯಲ್ಲಿ ಪಾಸ್ ಅಂತ ಬರೆದು ಸಹಿ ಹಾಕಿದರು. ಹೊರಡುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತ, "ನಿಮ್ಮಕ್ಕನ್ನ ಚೆನ್ನಾಗಿ ನೋಡ್ಕೊಳ್ಳಿ ಅಮ್ಮ," ಅಂದರು. ನಾನು ಸೀದಾ ಫ್ಯಾಕ್ಟರಿ ಗೇಟಿಗೆ ಹೋಗಿ, ಊಟದ ಬೆಲ್ ಹೊಡೆಯುವವರೆಗೂ ಕಾದು, ಹೊರಗೆ ಬಂದ ಸೊಸೆಗೆ ಸುದ್ದಿ ಹೇಳಿದೆ. ಅವಳು ರಸ್ತೆಯಲ್ಲೇ ನನ್ನನ್ನು ತಬ್ಬಿಕೊಂಡಳು.

ಮೂರು ವರ್ಷ ಇದ್ದರು. ಆ ಮೂರು ವರ್ಷದಲ್ಲಿ ನನ್ನನ್ನು ಅಕ್ಕ ಒಂದು ದಿನವೂ ಬಹುವಚನದಲ್ಲಿ ಕರೆಯಲಿಲ್ಲ. ಬೇರೆ ಬಾಡಿಗೆಯವರನ್ನು ನಾನು ನೀರಿನ ವಿಷಯಕ್ಕೆ ಗದರಿದರೆ, ಒಳಗಿನಿಂದಲೇ "ಶುರುವಾಯ್ತು ನನ್ ತಂಗಿದು," ಅಂತ ಕೂಗುತ್ತಿದ್ದಳು. ಸಂಜೆ ಇಬ್ಬರೂ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಬೀದಿಯವರನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಅವಳು ಮುದ್ದೆ ತೊಳಸಿದರೆ ಒಂದು ಗಂಟೂ ಇರುತ್ತಿರಲಿಲ್ಲ, ನನಗೆ ಹೊಟ್ಟೆಕಿಚ್ಚು. ಹೊಸಬರು ಮನೆ ಕೇಳಲು ಬಂದಾಗ ನಾನು ಎರಡು ಪ್ರಶ್ನೆಗೇ ನಿಲ್ಲಿಸಲು ಕಲಿತೆ. ಮೂರನೆಯದು ನಾಲಿಗೆಗೆ ಬಂದರೆ ಪಕ್ಕದಲ್ಲಿ ಕೂತವಳು ಕೆಮ್ಮುತ್ತಿದ್ದಳು.

ಹೋದ ವರ್ಷ ಅವರ ಫ್ಲ್ಯಾಟ್ ಮುಗಿಯಿತು. ಕೀ ಕೊಟ್ಟದ್ದು ಯಾವಾಗ ಅಂತೀರಿ? ಆಷಾಢದಲ್ಲೇ! ಸರ್ಕಾರ ಇನ್ನೂ ಕ್ಯಾಲೆಂಡರ್ ಕೊಂಡಿರಲಿಲ್ಲ. "ಶ್ರಾವಣದವರೆಗೆ ಇಲ್ಲೇ ಇರು, ಏನವಸರ?" ಅಂದೆ. ಅವರು ಹೋಗುವುದು ನನಗೆ ಬೇಕಿರಲಿಲ್ಲ, ನೆಪಕ್ಕೆ ಆಷಾಢ ಸಿಕ್ಕಿತ್ತು. ಅಕ್ಕ ಕೇಳಲಿಲ್ಲ. "ಸ್ವಂತ ಮನೆಗೆ ಯಾವ ಆಷಾಢನೇ? ಶುಕ್ರವಾರ ಬೆಳಿಗ್ಗೆ ಆಲು ಉಕ್ಸದು. ನೀನು ಬರ್ಲಿಲ್ಲ ಅಂದ್ರೆ ಒಲೆ ಅಚ್ಚಲ್ಲ," ಅಂದಳು.

ಶುಕ್ರವಾರ ನಾನೂ ಯಜಮಾನರೂ ಹೋದೆವು. ಲಿಫ್ಟ್ ಇನ್ನೂ ಚಾಲೂ ಆಗಿರಲಿಲ್ಲ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತರೆ, ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಾಳೆ ಅಕ್ಕ!

"ಎಷ್ಟು ಜನ?"

"ಇಬ್ಬರು," ಅಂದೆ, ನಗು ತಡೆದುಕೊಂಡು.

"ಎಲ್ಲಿ ಕೆಲ್ಸ?"

"ಕೆಲ್ಸ ಇಲ್ಲ. ಬಾಡಿಗೆ ತಿಂತೀವಿ."

"ಯಾವ ಜನ?"

ಅಷ್ಟರಲ್ಲಿ ಎದುರು ಫ್ಲ್ಯಾಟಿನ ಹೆಂಗಸು ಬಾಗಿಲು ತೆಗೆದು, "ಯಾರಜ್ಜಿ ಇವ್ರು?" ಅಂತ ಕೇಳಿದಳು.

ಅಕ್ಕ ಕೈ ಇಳಿಸಿ, ನನ್ನ ಮೊಣಕೈ ಹಿಡಿದು ಒಳಗೆ ಎಳೆದುಕೊಂಡಳು.

"ನನ್ ತಂಗಿ ಕಣವ್ವ. ಆಷಾಡಕ್ಕೆ ತವ್ರಿಗೆ ಬಂದೌಳೆ."

ಬಲಗಾಲು ಇಟ್ಟೆನೋ ಎಡಗಾಲು ಇಟ್ಟೆನೋ ನನಗೆ ನೆನಪಿಲ್ಲ. ಅಡುಗೆಮನೆಯಲ್ಲಿ ಹಾಲು ಉಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮುಖವೆಲ್ಲ ಕಣ್ಣೀರು ಮಾಡಿಕೊಂಡು ನಗುತ್ತಿದ್ದೆ. ಊಟವಾಗಿ ಹೊರಟಾಗ ಅಕ್ಕ ಸೊಸೆಗೆ ಸನ್ನೆ ಮಾಡಿದಳು. ಸೊಸೆ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ, ತಾನೇ ಹೊಲಿದ ಹಸಿರು ರವಿಕೆ ತಂದು, "ಸೆರಗು ಒಡ್ಡಿ ಚಿಕ್ಕತ್ತೆ," ಅಂದಳು. ಅಮ್ಮ ಹೋಗಿ ಹದಿನಾರು ವರ್ಷದ ಮೇಲೆ ಸೆರಗು ಒಡ್ಡಿದೆ.

ಬಸ್ಸಿನಲ್ಲಿ ಯಜಮಾನರು, "ಭಾರ ಆಗತ್ತೆ, ಕೊಡು ಇಲ್ಲಿ," ಅಂತ ಕೈಚಾಚಿದರು. ಕೊಡಲಿಲ್ಲ. ತವರಿನ ಅಕ್ಕಿ, ಮನೆಯವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದೆ.